ಕಾರುಗಳ ಸಂಖ್ಯೆ ಬೇರೆ, ಕಾರು ಓಡುವ ದೂರ ಬೇರೆ

ಸಾರಿಗೆ ಯೋಜನೆ ನನ್ನ ವೃತ್ತಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳು ಆಗಾಗ ಸಲಹೆಗೆ ಕರೆಯುತ್ತವೆ. ಮೆಟ್ರೊ ನಿಲ್ದಾಣಕ್ಕೆ ಫೀಡರ್ ಬಸ್ ಕೇಳೋಣ, ಬಸ್ ಸ್ಟಾಪಿನವರೆಗೆ ಫುಟ್‌ಪಾತ್ ಸರಿಮಾಡಿಸೋಣ ಎಂದು ಬಾಯಿ ತೆರೆದರೆ ಸಾಕು, ಒಬ್ಬರಾದರೂ ಎದ್ದು ನಿಲ್ಲುತ್ತಾರೆ: ‘ಸರ್, ಇನ್ನು ಹತ್ತು ವರ್ಷಕ್ಕೆ ಡ್ರೈವರ್ ಇಲ್ಲದ ಕಾರು ಬರುತ್ತೆ. ಮನೆಗೊಂದು ಕಾರು ಯಾರಿಗೂ ಬೇಕಾಗಲ್ಲ, ಟ್ರಾಫಿಕ್ ತಾನಾಗೇ ಇಳಿಯುತ್ತೆ. ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು?’

ಅಂಥ ಕಾರು ಬರುವುದೇ ಇಲ್ಲ ಎನ್ನುವವನು ನಾನಲ್ಲ. ಅಮೆರಿಕದ ಫೀನಿಕ್ಸ್ ಸುತ್ತಮುತ್ತ ವೇಮೊ ಕಂಪನಿ 2020ರಿಂದಲೇ ಚಾಲಕರಿಲ್ಲದ ಟ್ಯಾಕ್ಸಿಯನ್ನು ಸಾರ್ವಜನಿಕರಿಗೆ ಓಡಿಸುತ್ತಿದೆ. ನಮ್ಮಲ್ಲಿ ಯಾವಾಗ ಎಂದು ವರ್ಷ ಹೇಳಲಾರೆ. ಚಾಲಕರ ಕೆಲಸ ಹೋಗುತ್ತದೆ, ಬಿಡುವುದಿಲ್ಲ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಲ್ಲೂ ಹೇಳಿದ್ದರು, 2023ರಲ್ಲೂ ಹೇಳಿದರು. ನನ್ನ ತಕರಾರು ಇರುವುದು ಒಂದೇ ಮಾತಿಗೆ: ಕಾರು ಕಡಿಮೆಯಾದರೆ ಟ್ರಾಫಿಕ್ ಕಡಿಮೆಯಾಗುತ್ತದೆ ಎಂಬುದಕ್ಕೆ.

ಈ ನಂಬಿಕೆ ಹಬ್ಬಿದ್ದರಲ್ಲಿ ಲಿಸ್ಬನ್ ನಗರದ ಒಂದು ಅಧ್ಯಯನದ ಪಾಲೂ ಇದೆ. ಇಂಟರ್‌ನ್ಯಾಷನಲ್ ಟ್ರಾನ್ಸ್‌ಪೋರ್ಟ್ ಫೋರಂ 2015ರಲ್ಲಿ ಮಾಡಿದ ಲೆಕ್ಕ ಅದು. ತಾನಾಗಿ ಓಡುವ ಕಾರಿನಲ್ಲಿ ಹಲವರು ಒಟ್ಟಿಗೆ ಕೂತು ಹೋದರೆ, ಜೊತೆಗೆ ಮೆಟ್ರೊ ಇದ್ದರೆ, ಇರುವ ಕಾರುಗಳ ಹತ್ತರಲ್ಲೊಂದು ಪಾಲು ಸಾಕು. ಎಲ್ಲರೂ ಇಷ್ಟನ್ನೇ ನೆನಪಿಟ್ಟುಕೊಳ್ಳುತ್ತಾರೆ. ಅದೇ ಲೆಕ್ಕದಲ್ಲಿ ಕಾರುಗಳು ಓಡುವ ಒಟ್ಟು ದೂರ ಮಾತ್ರ ಶೇ 6ರಷ್ಟು ಹೆಚ್ಚಾಯಿತು. ಮೆಟ್ರೊ ಇಲ್ಲದೆ, ಒಬ್ಬರಾದ ಮೇಲೆ ಒಬ್ಬರನ್ನು ಕರೆದೊಯ್ಯುವ ಪದ್ಧತಿಯಲ್ಲಿ ಶೇ 89ರಷ್ಟು.

ಇದನ್ನು ನಿಧಾನವಾಗಿ ಓದಿ. ನೆಲಮಾಳಿಗೆಯಲ್ಲಿ ನಿಂತ ಕಾರು ಸಿಲ್ಕ್ ಬೋರ್ಡಿನಲ್ಲಿ ಯಾರ ದಾರಿಗೂ ಅಡ್ಡ ಬರುವುದಿಲ್ಲ. ರಸ್ತೆ ಕಟ್ಟಿಕೊಳ್ಳುವುದು ಆ ಹೊತ್ತಿಗೆ ಅದರ ಮೇಲಿರುವ ಕಾರುಗಳಿಂದ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಡುವುದು ವೈಟ್‌ಫೀಲ್ಡ್ ಕಡೆಗೇ. ನಿಮ್ಮನ್ನು ಇಳಿಸಿದ ಕಾರು ಮುಂದಿನವರಿಗಾಗಿ ವಿಜಯನಗರಕ್ಕೆ ಖಾಲಿ ವಾಪಸ್ ಬರಬೇಕು. ಒಂದು ಕಾರು ಐದು ಮನೆಗೆ ಒದಗಿತು, ನಿಜ. ಐದು ಮನೆಯ ಓಡಾಟದ ಮೇಲೆ ಅದರ ಖಾಲಿ ಓಡಾಟವೂ ಸೇರಿತು. ಸೀಟಿನಲ್ಲಿ ಯಾರೂ ಇಲ್ಲ ಎಂದು ಕಾರು ಚಿಕ್ಕದಾಗುವುದಿಲ್ಲ.

ಸ್ವಂತಕ್ಕೇ ಕೊಂಡರೆ? ಮನೆಯಲ್ಲಿ ಡ್ರೈವರ್ ಇಟ್ಟುಕೊಂಡವರನ್ನು ನೋಡಿ. ಯಜಮಾನರನ್ನು ಆಫೀಸಿಗೆ ಬಿಟ್ಟು ಕಾರು ಮನೆಗೆ ಬರುತ್ತದೆ, ಮಕ್ಕಳನ್ನು ಶಾಲೆಯಿಂದ ಕರೆತರುತ್ತದೆ, ಸಂಜೆ ಮತ್ತೆ ಆಫೀಸಿಗೆ ಹೋಗುತ್ತದೆ. ಅರ್ಧ ಓಡಾಟ ಯಜಮಾನರಿಲ್ಲದೆಯೇ. ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. 13 ಮಂದಿಗೆ ಒಂದು ವಾರ ಪುಕ್ಕಟೆ ಡ್ರೈವರ್ ಕೊಟ್ಟಾಗ ಅವರ ಕಾರುಗಳು ಓಡಿದ ದೂರ ಶೇ 83ರಷ್ಟು ಏರಿತು. 13 ಮಂದಿ ತೀರಾ ಕಡಿಮೆ, ಆ ಅಂಕಿಯನ್ನು ಹಾಗೇ ಬೆಂಗಳೂರಿಗೆ ತರಬಾರದು. ಏರಿತೋ ಇಳಿಯಿತೋ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಒಂದು ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು, ‘ನಂಗೆ ರಾತ್ರಿ ಕಣ್ಣು ಕಾಣಲ್ಲಪ್ಪ, ಮಗಳ ಮನೆಗೆ ಹೋಗೋಕೆ ಅಂಥ ಕಾರು ಬಂದ್ರೆ ಎಷ್ಟು ಚೆನ್ನ’ ಅಂದರು. ಅವರಿಗೆ ಅದು ಬರಲೇಬೇಕು ಎಂದು ನನಗೂ ಅನ್ನಿಸುತ್ತದೆ. ಗಾಲಿಕುರ್ಚಿಯಲ್ಲಿರುವವರಿಗೆ, ದೃಷ್ಟಿ ಇಲ್ಲದವರಿಗೆ ಇದರಷ್ಟು ಒಳ್ಳೆಯದು ಬೇರೆ ಇರಲಾರದು. ಆಫೀಸ್ ಹೊತ್ತಿನ ದಟ್ಟಣೆಗೆ ಇದೇ ಮದ್ದು ಎನ್ನುವವರ ಜೊತೆ ಮಾತ್ರ ನನ್ನ ಜಗಳ.

ಸಂಘಗಳಿಗೆ ಹೇಳುವುದಿಷ್ಟು. ಮುಂದೆ ಪಾರ್ಕಿಂಗ್ ಜಾಗ ಕಡಿಮೆ ಸಾಕಾಗಬಹುದು. ಗೇಟಿನ ಬಳಿ ಹತ್ತಿ ಇಳಿಯುವ ಜಾಗವಂತೂ ಹೆಚ್ಚು ಬೇಕಾಗುತ್ತದೆ, ಹೊಸ ಕಟ್ಟಡವಾದರೆ ಈಗಲೇ ಬಿಡಿಸಿ. ಖಾಲಿ ಓಡುವ ಕಿಲೋಮೀಟರಿಗೆ ಶುಲ್ಕ ಹಾಕಬೇಕೆಂದು ಸರಕಾರವನ್ನು ಒತ್ತಾಯಿಸಿ. ಫೀಡರ್ ಬಸ್ಸಿಗೆ ಬಿಎಂಟಿಸಿಗೆ ಬರೆಯಬೇಕಾದ ಅರ್ಜಿಯನ್ನು ಹತ್ತು ವರ್ಷ ಕಾಯಿಸದೆ ಈ ತಿಂಗಳೇ ಬರೆಯಿರಿ. ಎಷ್ಟು ಜನ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂಬ ಪಟ್ಟಿಯನ್ನು ಜೊತೆಗಿಡಿ.