ದನ ಕೊಟ್ಟರೆ ಸಾಲದು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಬೀಡಿ ಕಟ್ಟಿ ಸಂಸಾರ ತೂಗಿಸುವ ಹೆಂಗಸರಿಗೆ ಸಾಲ ಹುಟ್ಟುವುದು ಈಗ ಕಷ್ಟವಲ್ಲ. ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ಜಾಮೀನು ನಿಂತರೆ ದುಡ್ಡು ಮನೆಬಾಗಿಲಿಗೆ ಬರುತ್ತದೆ. ಕಷ್ಟ ಶುರುವಾಗುವುದು ಮರುವಾರ. ಆ ದುಡ್ಡಿನಲ್ಲಿ ಒಂದು ಕಡಸು ಕೊಂಡರೆ ಅದು ಗಬ್ಬ ನಿಲ್ಲಬೇಕು, ಒಂಬತ್ತು ತಿಂಗಳು ಕಳೆದು ಕರು ಹಾಕಬೇಕು. ಆಮೇಲಷ್ಟೇ ಸೊಸೈಟಿಗೆ ಹಾಲು. ಕಂತನ್ನೋ ಬರುವ ವಾರವೇ ಕಟ್ಟಬೇಕು. ನಡುವೆ ಹಿಂಡಿ ಮುಗಿಯುತ್ತದೆ, ಮಗುವಿಗೆ ಜ್ವರ ಬರುತ್ತದೆ, ಮಳೆ ಹಿಡಿದು ಕೂಲಿ ನಿಲ್ಲುತ್ತದೆ. ಕೊನೆಗೆ ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ದನ ಮಾರಿ ಸಾಲ ತೀರಿಸುತ್ತಾರೆ. ನೋಡಿದವರು ‘ಬಡವರಿಗೆ ದುಡ್ಡು ನಿಭಾಯಿಸಲು ಬರುವುದಿಲ್ಲ’ ಎಂದುಬಿಡುತ್ತಾರೆ.

ಈ ಮಾತು ತಪ್ಪು ಎನ್ನುವುದಕ್ಕೆ ಈಗ ಗಟ್ಟಿ ಪುರಾವೆಯಿದೆ. ಹೊಸ ಮದ್ದನ್ನು ಪರೀಕ್ಷಿಸುವ ಹಾಗೆಯೇ ಬಡತನದ ಯೋಜನೆಗಳನ್ನೂ ಪರೀಕ್ಷಿಸಬಹುದು ಎಂದು ತೋರಿಸಿದ್ದಕ್ಕೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಮೈಕೆಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂತು. ಕ್ರಮ ಸರಳ. ಚೀಟಿ ಎತ್ತಿದ ಹಾಗೆ ಕೆಲವು ಊರುಗಳನ್ನು ಆರಿಸಿ ಅಲ್ಲಿ ಯೋಜನೆ ಶುರು ಮಾಡುವುದು, ಉಳಿದ ಊರುಗಳನ್ನು ಹಾಗೆಯೇ ಬಿಡುವುದು, ಕೆಲ ಕಾಲದ ನಂತರ ಎರಡನ್ನೂ ಅಳೆದು ನೋಡುವುದು. ಆರಿಸಿದ್ದು ಚೀಟಿಯಾದ್ದರಿಂದ, ಆಮೇಲೆ ಕಾಣುವ ವ್ಯತ್ಯಾಸ ಯೋಜನೆಯದ್ದೇ ಎನ್ನಬಹುದು. ಹೈದರಾಬಾದಿನ 104 ಬಡಾವಣೆಗಳಲ್ಲಿ 52ನ್ನು ಹೀಗೆ ಆರಿಸಿ ಅಲ್ಲಿ ಕಿರುಸಾಲದ ಶಾಖೆಗಳನ್ನು ತೆರೆಸಿದರು. ಹೈದರಾಬಾದಿನದ್ದೂ ಸೇರಿ, ಆರು ದೇಶಗಳಲ್ಲಿ ನಡೆದ ಇಂಥ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಕಿರುಸಾಲದಿಂದ ಕೆಲವರಿಗೆ ಅನುಕೂಲವಾಗಿತ್ತು, ಆದರೆ ಬಡತನದಿಂದ ಮೇಲೆತ್ತುವಷ್ಟು ವರಮಾನ ಎಲ್ಲಿಯೂ ಏರಿರಲಿಲ್ಲ.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಬೇರೆಯೇ ಕಥೆ ಹೇಳಿತು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಶುರು ಮಾಡಿದ ಪದ್ಧತಿ ಅದು. ಕಡುಬಡ ಕುಟುಂಬಕ್ಕೆ ದನವನ್ನೋ ಆಡನ್ನೋ ಉಚಿತವಾಗಿ ಕೊಡುತ್ತಾರೆ. ಜೊತೆಗೆ ಕೆಲವು ತಿಂಗಳ ಊಟದ ಖರ್ಚು, ಸಾಕುವ ತರಬೇತಿ, ಉಳಿತಾಯಕ್ಕೊಂದು ದಾರಿ, ಆಗಾಗ ಮನೆಗೆ ಬಂದು ವಿಚಾರಿಸುವ ಒಬ್ಬ ಕಾರ್ಯಕರ್ತೆ. ಹೊಟ್ಟೆಗೆ ಬೇರೆ ದುಡ್ಡು ಇರುವುದರಿಂದ ಕರು ಹಾಕುವ ತನಕ ದನವನ್ನು ಮಾರಬೇಕಿಲ್ಲ. ಭಾರತವೂ ಸೇರಿ ಆರು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಲ್ಲಿ ಇದನ್ನು ಪರೀಕ್ಷಿಸಿದರು. ನೆರವು ನಿಂತು ವರ್ಷವಾದ ಮೇಲೂ ಊಟ, ಉಳಿತಾಯ ಎರಡೂ ಮೊದಲಿಗಿಂತ ಚೆನ್ನಾಗಿದ್ದವು. ಪಶ್ಚಿಮ ಬಂಗಾಳದಲ್ಲಂತೂ ಹತ್ತು ವರ್ಷವಾದರೂ ಆ ಲಾಭ ಉಳಿದಿತ್ತು. ಎಲ್ಲ ಕಡೆಯೂ ಗೆದ್ದಿತು ಎಂದಲ್ಲ. ಹೊಂಡುರಾಸಿನಲ್ಲಿ ಕೊಟ್ಟ ಕೋಳಿಗಳಲ್ಲಿ ಬಹಳಷ್ಟು ರೋಗ ಬಂದು ಸತ್ತವು, ಹಾಕಿದ ಖರ್ಚಿಗೆ ತಕ್ಕ ಲಾಭ ಅಲ್ಲಿ ಸಿಗಲಿಲ್ಲ.

ಕೆಲವರು ಮೇಲೇರಿ ಕೆಲವರು ಜಾರುವುದರ ಹಿಂದಿನ ಕಾರಣ ಬಾಂಗ್ಲಾದೇಶದಲ್ಲಿ ಹನ್ನೊಂದು ವರ್ಷಗಳ ಕಾಲ ಅದೇ ಕುಟುಂಬಗಳನ್ನು ಹಿಂಬಾಲಿಸಿದಾಗ ಸ್ಪಷ್ಟವಾಯಿತು. ಎಲ್ಲರಿಗೂ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ನೆರವು. ಮೊದಲೇ ಸ್ವಲ್ಪ ಆಸ್ತಿ ಇದ್ದವರು ಒಂದು ಮಟ್ಟವನ್ನು ದಾಟಿದರು, ಆಮೇಲೆ ತಾವಾಗಿ ಏರುತ್ತ ಹೋದರು. ಆ ಮಟ್ಟ ಮುಟ್ಟದವರು ವರ್ಷಗಳು ಕಳೆದಂತೆ ಕೆಳಗಿಳಿದರು. ಮಳೆಗಾಲದಲ್ಲಿ ಪಾಚಿ ಹಿಡಿದ ತೋಡಿನ ಬದಿ ಹತ್ತುವಾಗಲೂ ಹೀಗೆಯೇ: ಅರ್ಧ ಹತ್ತಿ ನಿಂತರೆ ಮತ್ತೆ ನೀರಿಗೇ ಜಾರುತ್ತೇವೆ. ಅರೆಬರೆ ನೆರವನ್ನು ಹತ್ತು ಮಂದಿಗೆ ಹಂಚುವುದಕ್ಕಿಂತ ದಾಟುವಷ್ಟು ನೆರವನ್ನು ಐವರಿಗೆ ಕೊಡುವುದು ಮೇಲು ಎಂದೇ ನನಗೆ ತೋರುತ್ತದೆ. ರಾಜಕೀಯವಾಗಿ ಅದು ಎಷ್ಟು ಕಷ್ಟ ಎಂಬುದು ಪಂಚಾಯತು ಬಲ್ಲವರಿಗೆ ಗೊತ್ತು.

ಹಾಗಾದರೆ ಆ ಐವರು ಯಾರು? ವಿಶ್ವಬ್ಯಾಂಕು 2025ರಲ್ಲಿ ಕಡುಬಡತನದ ಗೆರೆಯನ್ನು ದಿನಕ್ಕೆ 3 ಡಾಲರಿಗೆ ಏರಿಸಿದೆ. ಆ ಲೆಕ್ಕದಲ್ಲಿ ಲೋಕದ ಸುಮಾರು 80 ಕೋಟಿ ಜನ ಕಡುಬಡವರು. ಲೋಕದ ಲೆಕ್ಕಕ್ಕೆ ಅದು ಸರಿ, ಎಣ್ಮಕಜೆಯ ಒಂದು ವಾರ್ಡಿನಲ್ಲಿ ಅದರಿಂದ ಪ್ರಯೋಜನವಿಲ್ಲ. ಕೂಲಿಯವರ ದಿನದ ವರಮಾನವನ್ನು ಯಾರು ಬರೆದಿಟ್ಟಿದ್ದಾರೆ? 1998ರಲ್ಲಿ ಶುರುವಾದ ಕೇರಳ ಸರಕಾರದ ಬಡತನ ನಿವಾರಣಾ ಯೋಜನೆ ಕುಟುಂಬಶ್ರೀ ಇದಕ್ಕೆ ಜಾಣತನದ ದಾರಿ ಹಿಡಿಯಿತು. ಆದಾಯ ಕೇಳಲಿಲ್ಲ, ಒಂಬತ್ತು ಸಂಗತಿಗಳನ್ನು ನೋಡಿತು. ಮನೆ ಗಟ್ಟಿಯಿದೆಯೇ, ಕುಡಿಯುವ ನೀರಿದೆಯೇ, ಪಾಯಿಖಾನೆ ಇದೆಯೇ, ದುಡಿಯುವವರು ಒಬ್ಬರೇನೋ, ಎರಡು ಹೊತ್ತಿನ ಊಟ ಕಷ್ಟವೋ, ಮನೆಯಲ್ಲಿ ಕುಡಿತದ ಚಟವಿದೆಯೋ, ಹೀಗೆ. ನಾಲ್ಕು ಅಥವಾ ಹೆಚ್ಚು ಕೊರತೆಗಳಿದ್ದರೆ ಅದು ಬಡ ಕುಟುಂಬ. ಇವನ್ನು ತಿಳಿಯಲು ಕಾಗದಪತ್ರ ಬೇಡ, ನೆರೆಮನೆಯವರು ಸಾಕು. ಹಲವು ಕೊರತೆಗಳನ್ನು ಕೂಡಿಸಿ ಬಡತನ ಅಳೆಯುವ ವಿಶ್ವಸಂಸ್ಥೆಯ ಸೂಚ್ಯಂಕ ಬಂದದ್ದು 2010ರಲ್ಲಿ.

ಯಾವ ಕೊರತೆ ಎಂದು ಗೊತ್ತಾದರೆ ಯಾವ ನೆರವು ಎಂಬುದೂ ಗೊತ್ತಾಗುತ್ತದೆ. ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಅದರ ಹೊರೆ ಹೊತ್ತ ಮನೆಗಳು ನಮ್ಮ ಗುಡ್ಡಗಳಲ್ಲಿ ಇಂದಿಗೂ ಇವೆ. ಹಾಸಿಗೆ ಬಿಟ್ಟೇಳದ ಮಗುವಿದ್ದರೆ ತಾಯಿ ಅಡಿಕೆ ಸುಲಿಯಲೂ ಹೋಗುವಂತಿಲ್ಲ. ಮಗುವಿನ ಪಕ್ಕ ಕೂತು ಗೆರಸೆಯಲ್ಲಿ ಎಲೆ ಹರಡಿಕೊಂಡು ಬೀಡಿ ಕಟ್ಟುವುದೊಂದೇ ಅವಳಿಗೆ ಸಾಧ್ಯ. ಅವಳಿಗೆ ದನ ಕೊಟ್ಟರೆ ಹುಲ್ಲು ತರುವವರು ಯಾರು? ಎಂಡೋಸಲ್ಫಾನ್ ಬಾಧಿತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು, ಅದು ಬೇಕಾದದ್ದೇ. ಆದರೆ ದಿನದ ಬದುಕನ್ನು ಬದಲಿಸುವುದು ವಿಶೇಷಚೇತನ ಮಕ್ಕಳಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆ. ಬೆಳಗ್ಗೆ ಮಗುವನ್ನು ಗಾಡಿಯಲ್ಲಿ ಕರೆದೊಯ್ದು ಸಂಜೆ ತಂದು ಬಿಟ್ಟರೆ ತಾಯಿಗೆ ಅಷ್ಟು ಗಂಟೆಗಳು ಸಿಗುತ್ತವೆ. ಆ ಮನೆಯ ಮಟ್ಟಿಗೆ ಬಡತನ ನಿವಾರಣೆಯ ಯೋಜನೆ ಅದೇ.

2021ರಲ್ಲಿ ಕೇರಳ ಹೀಗೆಯೇ ಮನೆಮನೆಗೆ ಬೇರೆಬೇರೆ ಯೋಜನೆ ಮಾಡಲು ಹೊರಟಿತು. 64,006 ಕುಟುಂಬಗಳನ್ನು ಗುರುತಿಸಿದರು. ಎಷ್ಟೋ ಮನೆಗಳಿಗೆ ರೇಶನ್ ಕಾರ್ಡೇ ಇರಲಿಲ್ಲ, ಮೊದಲ ನೆರವೇ ಕಾಗದಪತ್ರ. 2025ರ ನವೆಂಬರ್ 1ರಂದು ರಾಜ್ಯ ಅತಿದಾರಿದ್ರ್ಯದಿಂದ ಮುಕ್ತವಾಯಿತೆಂದು ಘೋಷಿಸಿದರು. ಪಟ್ಟಿಯ ಬಗ್ಗೆ ಅರ್ಥಶಾಸ್ತ್ರಜ್ಞರು ಪ್ರಶ್ನೆ ಎತ್ತಿದರು, ಎತ್ತಲೇಬೇಕಿತ್ತು. ದಾಟಿದವರಲ್ಲಿ ಮತ್ತೆ ಜಾರುವವರು ಇರುತ್ತಾರೆ, ಘೋಷಣೆಯ ಮರುದಿನ ಅವರನ್ನು ಹುಡುಕುವ ಕೆಲಸ ನಿಲ್ಲಬಾರದು. ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ: ಮಲಯಾಳದಲ್ಲಿ ಬಂದ ಅರ್ಜಿಯನ್ನು ಕನ್ನಡ ಮಾತ್ರ ಓದಬಲ್ಲ ಅಜ್ಜಿ ತುಂಬುವಂತಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ವಾರ್ಡ್ ಗ್ರಾಮಸಭೆಗಳಲ್ಲಿ ನಾವು ಎದ್ದು ನಿಂತು ಎರಡು ಕೇಳಬೇಕು. ಪಟ್ಟಿಯಿಂದ ಹೊರಬಂದ ಮನೆಗಳಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ ವಿಚಾರಿಸುವ ಹೊಣೆ ಯಾರದು? ಅವರು ಕೊಂಡೊಯ್ಯುವ ಅರ್ಜಿ ಕನ್ನಡದಲ್ಲಿ ಇರುತ್ತದೆಯೇ?