ಕ್ವಾರಿ ಸಿಡಿತದಿಂದಲೇ ಗೋಡೆ ಬಿರುಕು ಬಿಟ್ಟಿತೆಂದು ತೋರಿಸುವುದು ಹೇಗೆ?

ಪ್ರಶ್ನೆ: ಊರ ಪಕ್ಕದ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸಿದಾಗಲೆಲ್ಲ ಮನೆ ಅದುರುತ್ತದೆ, ಗೋಡೆ ಬಿರುಕು ಬಿಟ್ಟಿದೆ. ‘ನಿಮ್ಮ ಮನೆಯೇ ಹಳೆಯದು’ ಎನ್ನುತ್ತಾರೆ ಕ್ವಾರಿಯವರು. ಏನು ಮಾಡಬೇಕು?

ಉತ್ತರ: ಸದ್ದನ್ನು ಪುರಾವೆ ಎಂದುಕೊಳ್ಳಬೇಡಿ. ಕಿಟಕಿ ಗಾಜು ಗಡಗಡ ಎನ್ನುವುದು ಬಹುಪಾಲು ಗಾಳಿಯ ಒತ್ತಡಕ್ಕೆ. ಮದ್ದು ತುಂಬಲು ಬಂಡೆಯಲ್ಲಿ ಕೊರೆದ ಕುಳಿಯ ಬಾಯಿಯನ್ನು ಸರಿಯಾಗಿ ಮುಚ್ಚದಿದ್ದರೆ ಸದ್ದು ಇನ್ನೂ ಜೋರು. ಗೋಡೆಗೆ ಕುತ್ತು ತರುವುದು ಮುಖ್ಯವಾಗಿ ನೆಲದ ಕಂಪನ. ಅದನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, ಗಣಿ ಮಾಲೀಕರಿಗೆ ಸೇರದ ವಾಸದ ಮನೆಗೆ ಮಿತಿ ಹೀಗಿದೆ: ಆವರ್ತನ (ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕ) 8 ಹರ್ಟ್ಜ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25 ಹರ್ಟ್ಜ್‌ವರೆಗೆ 10, ಅದಕ್ಕೂ ಮೇಲಾದರೆ 15. ನಿಧಾನದ ಕಂಪನಕ್ಕೆ ಮಿತಿ ಬಿಗಿ, ಏಕೆಂದರೆ ಸಣ್ಣ ಮನೆಗಳು ಸಹಜವಾಗಿ ತೂಗುವುದೂ ಸುಮಾರು ಅದೇ ಆವರ್ತನದಲ್ಲಿ.

ಒಟ್ಟು ಎಷ್ಟು ಮದ್ದು ಎನ್ನುವುದಕ್ಕಿಂತ, ಒಂದೇ ಕ್ಷಣದಲ್ಲಿ ಎಷ್ಟು ಸಿಡಿಯಿತು ಎನ್ನುವುದು ಮುಖ್ಯ. 40 ಕುಳಿ, ಕುಳಿಗೆ 5 ಕಿಲೊ ಎನ್ನಿ. ಡಿಲೇ ಡಿಟೊನೇಟರ್ (ತುಸು ತಡೆದು ಮದ್ದು ಸಿಡಿಸುವ ಸಾಧನ) ಹಾಕಿ 17 ಅಥವಾ 25 ಮಿಲಿಸೆಕೆಂಡ್ ಅಂತರದಲ್ಲಿ ಒಂದೊಂದಾಗಿ ಸಿಡಿಸಿದರೆ ಲೆಕ್ಕಕ್ಕೆ ಬರುವುದು 5 ಕಿಲೊ. ಎಲ್ಲವನ್ನೂ ಒಟ್ಟಿಗೆ ಹಾರಿಸಿದರೆ 200 ಕಿಲೊ! ಖರ್ಚು ಉಳಿಸಲು ಡಿಲೇ ಹಾಕದ ಕಡೆಯೇ ತಕರಾರು ಹೆಚ್ಚು.

ಇನ್ನು ಬಿರುಕು. ಎರೆಭೂಮಿಯ ಮೇಲಿನ ಮನೆಯ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲಕ್ಕೆ ಕೂಡಿಕೊಳ್ಳುತ್ತದೆ. ತಾರಸಿಯ ಕೆಳಗೆ ಅಡ್ಡಲಾಗಿ ಓಡುವ ಗೆರೆ ಸಾಮಾನ್ಯವಾಗಿ ಬಿಸಿಲಿನದು. ಇವನ್ನೂ ದೂರಿಗೆ ಸೇರಿಸಿದರೆ ಇಡೀ ದೂರು ಸಡಿಲವಾಗುತ್ತದೆ. ಉಳಿದವುಗಳ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿನ ಎರಡೂ ಬದಿ ಒಂದೊಂದು ಮೊಳೆ ಹೊಡೆದು, ನಡುವಿನ ಅಂತರವನ್ನು ವಾರಕ್ಕೊಮ್ಮೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಸ್ಕೇಲಿನಲ್ಲಿ ಈ ವ್ಯತ್ಯಾಸ ಸಿಗುವುದಿಲ್ಲ. ಗಾರೆ ಕೆರೆದು, ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಎರಡೂ ತುದಿ ಅಂಟಿಸಿ; ಬಿರುಕು ಸರಿದರೆ ಅದು ಒಡೆಯುತ್ತದೆ. ಸಿಡಿತದ ಹೊತ್ತನ್ನೂ ಗಾಜು ಒಡೆದ ಹೊತ್ತನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ.

ಬಳಿಕ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅರ್ಜಿ ಕೊಟ್ಟು, ಪ್ರತಿಯನ್ನು ಜಿಲ್ಲಾಧಿಕಾರಿಗೂ ಗಣಿ ಸುರಕ್ಷತಾ ಕಚೇರಿಗೂ ಕಳಿಸಿ ಸ್ವೀಕೃತಿ ಪಡೆಯಿರಿ. ‘ತೊಂದರೆಯಾಗುತ್ತಿದೆ, ಕ್ರಮ ಕೈಗೊಳ್ಳಿ’ ಎಂದಷ್ಟೇ ಬರೆದರೆ ಬರುವುದು ಒಂದು ಮಹಜರು ಮಾತ್ರ. ಕಂಪನಮಾಪಕವನ್ನು ನಿಮ್ಮ ಮನೆಯ ತಳಪಾಯದ ಪಕ್ಕ, ಕ್ವಾರಿಯ ಕಡೆಗೆ, ಗಟ್ಟಿ ನೆಲದಲ್ಲಿ ಕೂರಿಸಿ ಅಳೆಯಬೇಕೆಂದು ಕೇಳಿ. ಅಳತೆಯ ದಿನ ಮದ್ದು ಕಡಿಮೆ ತುಂಬುವುದು ಹಳೆಯ ಚಾಳಿ. ಹಾಗಾಗಿ ಹಿಂದಿನ ತಿಂಗಳುಗಳ ಮದ್ದಿನ ಬಳಕೆಯ ಲೆಕ್ಕವನ್ನೂ ಜೊತೆಗಿಟ್ಟು ನೋಡಲು ಹೇಳಿ. ಪರಿಸರ ಅನುಮತಿಯ ಷರತ್ತುಗಳೂ, ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕಾದ ಪಾಲನಾ ವರದಿಗಳೂ ಮಾಹಿತಿ ಹಕ್ಕಿನಡಿ ಸಿಗುತ್ತವೆ.

ತನಿಖೆ ಮುಗಿಯುವವರೆಗೆ ಬಿರುಕಿಗೆ ಸಿಮೆಂಟ್ ಮೆತ್ತಬೇಡಿ. ಆದರೆ ಗೋಡೆ ವಾಲಿದ್ದರೆ ಅಥವಾ ತೊಲೆ ಕೂತ ಜಾಗ ಬಾಯಿಬಿಟ್ಟಿದ್ದರೆ ಫೋಟೊ ತೆಗೆದು ಮೊದಲು ಆಸರೆ ಕೊಡಿ, ಆ ಕೋಣೆಯಲ್ಲಿ ಯಾರೂ ಮಲಗಬೇಡಿ.