226 ಬರುವ ತನಕ ಫೈಲ್ ಬಂದಿಲ್ಲ

ಶಿವಮೊಗ್ಗದಲ್ಲಿ ನನ್ನ ಹತ್ತಿರ ನೆಟ್‌ವರ್ಕ್ ಪ್ರೋಗ್ರಾಮಿಂಗ್ ಕಲಿಯಲು ಬರುವವರಿಗೆ ಮೊದಲ ಕೆಲಸ ಇದೇ: ಲೈಬ್ರರಿ ಮುಟ್ಟದೆ, ಬರೀ ಸಾಕೆಟ್‌ನಲ್ಲಿ (ಎರಡು ಪ್ರೋಗ್ರಾಂ ಮಾತಾಡುವ ಸಂಪರ್ಕದ ತುದಿ) ಒಂದು ಎಫ್‌ಟಿಪಿ ಕ್ಲೈಂಟ್, ಅಂದರೆ ಸರ್ವರ್‌ನಿಂದ ಫೈಲ್ ತರಿಸುವ ಪ್ರೋಗ್ರಾಂ, ಬರೆಯಿರಿ. ಹಳೇ ಪ್ರೋಟೊಕಾಲ್, ನಿಜ. 1971ರಲ್ಲಿ ಇದರ ಮೊದಲ ರೂಪ ಬರೆದವರು ಅಭಯ್ ಭೂಷಣ್, ಕಾನ್ಪುರ ಐಐಟಿಯಲ್ಲಿ ಓದಿದವರು. ನಾವು ಹಿಡಿದು ಕೂರುವುದು 1985ರ ಆರ್‌ಎಫ್‌ಸಿ 959, ಅಂದರೆ ಇದರ ನಿಯಮ ಬರೆದಿರುವ ದಾಖಲೆ. ಪಾಸ್‌ವರ್ಡ್ ಕೂಡ ಬಟಾಬಯಲಲ್ಲೇ ಹೋಗುತ್ತದೆ, ಹಾಗಾಗಿ ನಿಮ್ಮ ಅಸಲಿ ಪಾಸ್‌ವರ್ಡ್ ಹಾಕಬೇಡಿ. ಕಲಿಯಲು ಮಾತ್ರ ಬಹಳ ಚೆನ್ನ, ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಪೋರ್ಟ್ 21ಕ್ಕೆ ಕನೆಕ್ಟ್ ಆದರೆ ಸರ್ವರ್ 220 (ಸಿದ್ಧ) ಅನ್ನುತ್ತದೆ. ಯೂಸರ್ ಆದೇಶದಲ್ಲಿ ಹೆಸರು ಕಳಿಸಿದರೆ 331 (ಪಾಸ್‌ವರ್ಡ್ ಕೊಡಿ), ಪಾಸ್‌ನಲ್ಲಿ ಪಾಸ್‌ವರ್ಡ್ ಕಳಿಸಿದರೆ 230 (ಒಳಗೆ ಬಂದಿರಿ). ಪ್ರತಿ ಸಾಲಿನ ಕೊನೆಗೆ ಸಾಲು ಮುಗಿಸುವ ಅಕ್ಷರಗಳಾದ ಸಿಆರ್, ಎಲ್‌ಎಫ್ ಎರಡೂ ಬೇಕು. ಫೋಟೊ, ಜಿಪ್ ಕೆಡದಿರಲು, ಬೈಟ್ ಇದ್ದ ಹಾಗೇ ಕಳಿಸು ಅನ್ನುವ ಟೈಪ್ ಐ. ಆಮೇಲೆ ಪ್ಯಾಸ್ವ್, ಅಂದರೆ ಫೈಲಿಗೆ ಇನ್ನೊಂದು ಪೋರ್ಟ್ ತೆರೆದು ಹೇಳು ಅಂತ. ಅದಕ್ಕೆ 227ರ ಜೊತೆ ಆರು ಸಂಖ್ಯೆ ಬರುತ್ತವೆ: 192,168,1,10,195,80. ಮೊದಲ ನಾಲ್ಕು ವಿಳಾಸ. 195ನ್ನು 256ರಿಂದ ಗುಣಿಸಿ 80 ಕೂಡಿಸಿ: 50000, ಇದು ಪೋರ್ಟ್. ಅಲ್ಲಿಗೆ ಇನ್ನೊಂದು ಸಾಕೆಟ್ ತೆರೆದು, ಹಳೆಯದರಲ್ಲಿ ರೆಟ್ರ್ (ಈ ಫೈಲ್ ಕೊಡು) ಕಳಿಸಿದರೆ ಫೈಲ್ ಹೊಸದರಲ್ಲಿ ಬರುತ್ತದೆ.

ತೊಡಕು ಶುರುವಾಗುವುದು ಇಲ್ಲಿ. ರಿಸೀವ್‌ಗೆ 4096 ಬೈಟ್ ಕೇಳಿದರೆ ಅಷ್ಟೂ ಸಿಗುತ್ತದೆ ಅಂತಿಲ್ಲ, 700 ಸಿಗಬಹುದು. ಸಾಕೆಟ್‌ನ ಕೆಳಗೆ ಬೈಟ್ ಸಾಗಿಸುವ ಟಿಸಿಪಿಗೆ ಸಾಲೂ ಗೊತ್ತಿಲ್ಲ, ಫೈಲೂ ಗೊತ್ತಿಲ್ಲ. ಆ 227ರ ಸಾಲು ಕೂಡ ಎರಡು ತುಂಡಾಗಿ ಬರಬಹುದು. ಹಾಗಾಗಿ ಉತ್ತರದ ಸಾಲಿಗೆ ಸಿಆರ್, ಎಲ್‌ಎಫ್ ಸಿಗುವ ತನಕ ಲೂಪ್, ಫೈಲಿಗೆ ಸೊನ್ನೆ ಬೈಟ್ ಬರುವ ತನಕ ಲೂಪ್. ಸೊನ್ನೆ ಅಂದರೆ ಆ ಕಡೆಯವರು ಮುಚ್ಚಿದರು ಅಂತ ಅಷ್ಟೇ. ಎಫ್‌ಟಿಪಿಯಲ್ಲಿ ಹೀಗೆ ಮುಚ್ಚುವುದೇ ಫೈಲ್ ಮುಗಿದ ಗುರುತು. ಪೂರ್ತಿ ಕಳಿಸಿದರೂ ಸೊನ್ನೆ, ಸರ್ವರ್ ಪ್ರೋಗ್ರಾಂ ಅರ್ಧಕ್ಕೆ ಸತ್ತರೂ ಸೊನ್ನೆ! ಮೊದಲ ಸಾಕೆಟ್‌ನಲ್ಲಿ 226 (ಫೈಲ್ ಪೂರ್ತಿ ಕಳಿಸಿದೆ) ನೋಡದೆ ‘ಮುಗಿಯಿತು’ ಅಂತ ಪ್ರಿಂಟ್ ಮಾಡಬೇಡಿ.

ನಮ್ಮ ಕಡೆ ಇನ್ನೊಂದು ಫಜೀತಿ ಇದೆ. ಆಗುಂಬೆ, ಹೊಸನಗರದ ಮಳೆಯಲ್ಲಿ ಕರೆಂಟ್ ಹೋಗಿ, ಸ್ವಲ್ಪ ಹೊತ್ತಿಗೆ ಟವರೂ ಹೋದರೆ ಆ ಸೊನ್ನೆಯೂ ಬರುವುದಿಲ್ಲ. ಮುಚ್ಚಿದೆ ಅಂತ ಹೇಳುವ ಪ್ಯಾಕೆಟ್ಟೇ ಬಂದಿಲ್ಲವಲ್ಲ! ರಿಸೀವ್ ಸುಮ್ನೆ ಕಾಯುತ್ತಾ ಕೂರುತ್ತದೆ, ಬೆಳಗಾದರೂ ಅಷ್ಟೇ. ಅದಕ್ಕೇ ಟೈಮ್‌ಔಟ್ ಹಾಕಿ. ನಾನು 30 ಸೆಕೆಂಡ್ ಇಡುತ್ತೇನೆ, ಜಾಸ್ತಿ ಬೇಡ. ನೆಟ್ ಬಂದ ಮೇಲೆ ಮತ್ತೆ ಲಾಗಿನ್ ಆಗಿ, ಟೈಪ್ ಐ, ಪ್ಯಾಸ್ವ್ ಮುಗಿಸಿ, ಈಗಾಗಲೇ ಡಿಸ್ಕ್‌ನಲ್ಲಿರುವ ಬೈಟ್ ಎಣಿಕೆಯನ್ನು, ಅಲ್ಲಿಂದ ಮುಂದುವರಿಸು ಅನ್ನುವ ರೆಸ್ಟ್ ಜೊತೆ ಕಳಿಸಿ. 350 ಬಂದರೆ ರೆಟ್ರ್ ಕೊಟ್ಟು, ಡಿಸ್ಕ್‌ನ ಫೈಲನ್ನು ಅಪೆಂಡ್ (ಕೊನೆಗೆ ಸೇರಿಸುವ) ಮೋಡ್‌ನಲ್ಲಿ ತೆರೆಯಿರಿ. ಅಷ್ಟರಲ್ಲಿ ಸರ್ವರ್‌ನಲ್ಲಿ ಆ ಫೈಲೇ ಬದಲಾಗಿದ್ದರೆ ಹಳೆಯದರ ತಲೆಗೆ ಹೊಸದರ ಬಾಲ ಅಂಟಿಕೊಳ್ಳುತ್ತದೆ. ಶುರುವಿನಲ್ಲೇ ಎಂಡಿಟಿಎಂ (ಫೈಲ್ ಕೊನೆಗೆ ಬದಲಾದದ್ದು ಯಾವಾಗ) ಕೇಳಿ ಸಮಯ ಬರೆದಿಟ್ಟುಕೊಳ್ಳಿ. ಮತ್ತೆ ಕೇಳಿದಾಗ ಅದು ಬದಲಾಗಿದ್ದರೆ ಮೊದಲಿಂದ ಇಳಿಸಿ.